ಟರ್ಬೊ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್: ಮೊದಲು ಒಡೆದ ಜಾಗ ನೋಡಿ, ಆಮೇಲೆ ಹೊಸದು ಕಟ್ಟಿಸಿ

ಪ್ರತಿ ಸಿಲಿಂಡರ್‌ನಿಂದ ಹೊರಬರುವ ಹೊಗೆಯನ್ನು ಒಂದು ಕಡೆ ಸೇರಿಸಿ ಟರ್ಬೊಗೆ (ಹೊಗೆಯ ಬಲದಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಕೊಡುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಕೆಲಸ. ಟರ್ಬೊ ಇಲ್ಲದ ಗಾಡಿಯಲ್ಲಿ ಅದು ಸ್ವಲ್ಪ ಸೋರಿದರೆ ಹೆಚ್ಚಾಗಿ ಸದ್ದೇ ತೊಂದರೆ. ಟರ್ಬೊ ಗಾಡಿಯಲ್ಲಿ ಹಾಗಲ್ಲ. ಟರ್ಬೊದೊಳಗಿನ ಚಕ್ರ, ಅಂದರೆ ಟರ್ಬೈನ್ ತಿರುಗಿಸಬೇಕಾದ ಒತ್ತಡವೇ ಸಂದಿಯಿಂದ ಹೊರಗೆ ಹೋಗಿಬಿಡುತ್ತದೆ. ಜೊತೆಗೆ ಟರ್ಬೊದ ಭಾರವನ್ನೂ ಬಹುಪಾಲು ಇದೇ ಹೊರಬೇಕು. ಪೂರ್ತಿ ಲೋಡ್ ಬಿದ್ದಾಗ ಡೀಸೆಲ್ ಇಂಜಿನ್‌ನಲ್ಲಿ ಹೊಗೆಯ ಬಿಸಿ 700ರಿಂದ 800 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಟರ್ಬೊ ಪೆಟ್ರೋಲ್‌ನಲ್ಲಿ 950 ಡಿಗ್ರಿಯನ್ನೂ ದಾಟಬಹುದು. ಅಷ್ಟು ಕಾದು ಮತ್ತೆ ತಣ್ಣಗಾಗುವುದು ದಿನವೂ ನಡೆದೇ ಇರುತ್ತದೆ.

ಬೆಳಗಾವಿಯಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ಉದ್ಯಮಬಾಗ್ ಕಡೆ ಹೋದರೆ ಫೌಂಡ್ರಿ, ಲೇತ್, ಸರ್ಫೇಸ್ ಗ್ರೈಂಡಿಂಗ್, ಆರ್ಗಾನ್ ವೆಲ್ಡಿಂಗ್ ಎಲ್ಲ ಹತ್ತಿರ ಹತ್ತಿರದಲ್ಲೇ ಸಿಗುತ್ತವೆ. ಅದಕ್ಕೇ ಇಲ್ಲಿ ಮ್ಯಾನಿಫೋಲ್ಡ್ ಸೋರಿತು ಅಂದ ಕೂಡಲೇ "ಹೊಸದು ಮಾಡಿಸಿಬಿಡೋಣ" ಎನ್ನುವ ಮಾತು ಬರುತ್ತದೆ. ಸ್ವಲ್ಪ ತಡೆಯಿರಿ. ಹಳೆಯದು ಯಾಕೆ ಸೋರಿತು ಎಂದು ಗೊತ್ತಾಗದೆ ಹೊಸದು ಕಟ್ಟಿಸಿದರೆ, ಅದೂ ಅದೇ ಜಾಗದಲ್ಲಿ ಒಡೆಯುತ್ತದೆ. ಎಷ್ಟೋ ಸಲ ಮ್ಯಾನಿಫೋಲ್ಡ್ ಸರಿಯಾಗಿಯೇ ಇರುತ್ತದೆ. ಒಂದು ಪ್ಯಾಕಿಂಗ್ (ಸಂದಿ ಮುಚ್ಚುವ ಗ್ಯಾಸ್ಕೆಟ್), ಎರಡು ಸ್ಟಡ್ (ನಟ್ ಹಾಕಿ ಬಿಗಿಯುವ, ತಲೆ ಇಲ್ಲದ ಬೋಲ್ಟ್) ಬದಲಿಸಿದರೆ ಕೆಲಸ ಮುಗಿಯುತ್ತದೆ.

ಈಗಿನ ಕೆಲವು ಟರ್ಬೊ ಪೆಟ್ರೋಲ್ ಇಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಹೆಡ್‌ನೊಳಗೇ (ಹೆಡ್ ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಭಾಗ) ಎರಕವಾಗಿ ಬಂದಿರುತ್ತದೆ. ಇನ್ನು ಕೆಲವದರಲ್ಲಿ ಟರ್ಬೈನ್ ಹೌಸಿಂಗ್ (ಟರ್ಬೈನ್‌ನ ಹೊರಕವಚ) ಜೊತೆ ಒಂದೇ ತುಂಡು. ನಿಮ್ಮದು ಯಾವುದು ಎಂದು ಮೊದಲೇ ನೋಡಿಕೊಳ್ಳಿ. ಬೇರೆ ಭಾಗವಾಗಿಯೇ ಇಲ್ಲದಿದ್ದರೆ ಹೊಸದು ಕಟ್ಟಿಸುವ ಪ್ರಶ್ನೆಯೇ ಏಳುವುದಿಲ್ಲ.

ಕೈ ಹಾಕುವ ಮೊದಲು

ಗಾಡಿ ಪೂರ್ತಿ ತಣ್ಣಗಾಗಲಿ. ಬಾನೆಟ್ ತೆರೆದಿಟ್ಟರೂ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಇನ್ನೂ ಜಾಸ್ತಿ. ಸಾಧ್ಯವಾದರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡುವುದು ಒಳ್ಳೆಯದು. ಬೇಗ ತಣ್ಣಗಾಗಲಿ ಎಂದು ನೀರು ಸುರಿಯಬೇಡಿ. ಕಾದ ಬೀಡಿಗೆ ತಣ್ಣೀರು ಬಿದ್ದರೆ ಇಲ್ಲದ ಬಿರುಕೂ ಬಂದುಬಿಡುತ್ತದೆ.

ಇಂಜಿನ್ ಓಡಿಸಿ ನೋಡುವ ಕೆಲಸ ಎಲ್ಲವೂ ಬಯಲಲ್ಲೇ ನಡೆಯಲಿ. ಶೆಟರ್ ಇಳಿಸಿದ ಗ್ಯಾರೇಜ್‌ನಲ್ಲಿ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಲು ಶುರುವಾಗುವ ಹೊತ್ತಿಗೆ ಎದ್ದು ಹೊರಗೆ ಬರುವಷ್ಟು ಶಕ್ತಿಯೂ ಉಳಿದಿರದೇ ಹೋಗಬಹುದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು; ತೋಳು, ಟವೆಲ್, ಸೀರೆ ಸೆರಗು ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಇನ್ನೊಂದು ಮುಖ್ಯ ಮಾತು. ಕಾಮನ್ ರೈಲ್ ಡೀಸೆಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಭಾರೀ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಇಂಜಿನ್) ಆಗಿದ್ದರೆ ಇಂಜಿನ್ ಓಡುವಾಗ ಇಂಜೆಕ್ಟರ್ ಪೈಪ್ ಸಡಿಲ ಮಾಡಬೇಡಿ. ಹಳೆ ಡೀಸೆಲ್ ಗಾಡಿಗಳಲ್ಲಿ ಒಂದೊಂದೇ ಪೈಪ್ ಸಡಿಲಿಸಿ ಸಿಲಿಂಡರ್ ಪತ್ತೆ ಮಾಡುವ ರೂಢಿ ಇತ್ತು. ಈಗಿನವುಗಳಲ್ಲಿ ಒತ್ತಡ 1,600 ಬಾರ್ ಮತ್ತು ಅದಕ್ಕೂ ಹೆಚ್ಚು. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣ ಚುಕ್ಕಿಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬೆಳಿಗ್ಗೆ ಟಿಕ್ ಟಿಕ್, ಗಾಡಿ ಬಿಸಿಯಾದ ಮೇಲೆ ಮಾಯ

ಎಲ್ಲಕ್ಕಿಂತ ಹೆಚ್ಚು ಜನ ಹೇಳುವ ಲಕ್ಷಣ ಇದೇ. ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಅಥವಾ ಚಫ್ ಚಫ್ ಸದ್ದು. ಆಕ್ಸಿಲೇಟರ್ ಒತ್ತಿದರೆ ಸದ್ದೂ ಜೋರಾಗುತ್ತದೆ, ವೇಗವೂ ಹೆಚ್ಚುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಏನೂ ಇಲ್ಲ.

ಇದರ ಅರ್ಥ ಸರಳ. ತಣ್ಣಗಿರುವಾಗ ಹೆಡ್‌ಗೂ ಮ್ಯಾನಿಫೋಲ್ಡ್‌ಗೂ ನಡುವೆ ಸಣ್ಣ ಸಂದಿ ಇದೆ. ಲೋಹ ಕಾದು ಹಿಗ್ಗಿದಾಗ ಅದು ಮುಚ್ಚಿಕೊಳ್ಳುತ್ತದೆ. ಸದ್ದು ನಿಂತಿತಲ್ಲ ಎಂದು ಸುಮ್ನೆ ಬಿಟ್ಟರೆ, ಬಿಸಿ ಹೊಗೆ ಪ್ರತಿದಿನ ಆ ಸಂದಿಯನ್ನು ಸ್ವಲ್ಪ ಸ್ವಲ್ಪ ಕೊರೆಯುತ್ತದೆ. ಕೊನೆಗೆ ಹೆಡ್‌ನ ಮುಖವೇ ಹಾಳಾಗುತ್ತದೆ. ಪ್ಯಾಕಿಂಗ್ ಖರ್ಚಲ್ಲಿ ಮುಗಿಯುತ್ತಿದ್ದ ಕೆಲಸ ಹೆಡ್ ಇಳಿಸುವವರೆಗೆ ಹೋಗುತ್ತದೆ.

ಮೊದಲ ಪರೀಕ್ಷೆಗೆ ದುಡ್ಡೇ ಬೇಡ. ತಣ್ಣಗಿರುವಾಗ ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಹೆಡ್‌ಗೆ ಕೂಡುವ ಗೆರೆ ನೋಡಿ. ಡೀಸೆಲ್‌ನಲ್ಲಿ ಸೋರುವ ಕಡೆ ಕಪ್ಪು ಮಸಿ ಬೀಸಣಿಗೆಯಾಗಿ ಹರಡಿರುತ್ತದೆ. ಅದರ ಮೂಲೆ ಸೇರುವ ಕಡೆಯೇ ಸಂದಿ. ಪೆಟ್ರೋಲ್‌ನಲ್ಲಿ ಗುರುತು ಅಷ್ಟು ಕಪ್ಪಾಗಿರುವುದಿಲ್ಲ, ಬೂದು ಅಥವಾ ತಿಳಿ ಕಂದು ಇರುತ್ತದೆ. ಮೇಲೆ ಹೀಟ್ ಶೀಲ್ಡ್ ತಗಡು ಇದ್ದರೆ ಬಿಚ್ಚಲೇಬೇಕು. ಬಿಚ್ಚುವ ಮೊದಲು ಕೈಯಲ್ಲಿ ಅಲ್ಲಾಡಿಸಿ ನೋಡಿ. ಅದರ ಬೋಲ್ಟ್ ತುಕ್ಕು ತಿಂದು ತಗಡು ಸಡಿಲವಾಗಿದ್ದರೂ ಇಂಥದ್ದೇ ಸದ್ದು ಬರುತ್ತದೆ. ಅಷ್ಟೇ ಆಗಿದ್ದರೆ ನಿಮ್ಮ ಅದೃಷ್ಟ.

ಆಮೇಲೆ ನಟ್‌ಗಳನ್ನು ಎಣಿಸಿ. ಕಾಣೆಯಾಗಿರುವುದು ಅಥವಾ ಮುರಿದಿರುವುದು ಹೆಚ್ಚಾಗಿ ಎರಡು ತುದಿಯ ಸ್ಟಡ್‌ಗಳೇ. ಯಾಕೆ ಅಂತ ಲೆಕ್ಕ ಹಾಕಿ ನೋಡಬಹುದು. 400 ಮಿಲಿಮೀಟರ್ ಉದ್ದದ ಬೀಡಿನ ಮ್ಯಾನಿಫೋಲ್ಡ್ 700 ಡಿಗ್ರಿ ಬಿಸಿ ಏರಿದರೆ ಸುಮಾರು 3.4 ಮಿಲಿಮೀಟರ್ ಉದ್ದವಾಗುತ್ತದೆ. ಅದೇ ಉದ್ದದ ಸ್ಟೇನ್‌ಲೆಸ್ ಆದರೆ ಸುಮಾರು 5 ಮಿಲಿಮೀಟರ್. ನೀರು ಸುತ್ತುವ ಹೆಡ್ ಅಷ್ಟು ಕಾಯುವುದೂ ಇಲ್ಲ, ಅಷ್ಟು ಹಿಗ್ಗುವುದೂ ಇಲ್ಲ. ಈ ಎಳೆದಾಟವೆಲ್ಲ ತುದಿಯ ಸ್ಟಡ್‌ಗಳ ಮೇಲೆ ಬೀಳುತ್ತದೆ. ಹೊಸ ಮ್ಯಾನಿಫೋಲ್ಡ್ ಆರಿಸುವಾಗ ಈ ಲೆಕ್ಕ ಮತ್ತೆ ಬೇಕಾಗುತ್ತದೆ, ನೆನಪಿನಲ್ಲಿಡಿ.

ಮಸಿ ಕಾಣಲಿಲ್ಲ, ಆದರೂ ಸದ್ದು ಇದೆ ಅಂದರೆ ಒಂದು ಮೀಟರ್ ರಬ್ಬರ್ ಪೈಪ್ ತೆಗೆದುಕೊಳ್ಳಿ. ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಮ್ಯಾನಿಫೋಲ್ಡ್ ಸುತ್ತ. ಬಿಸಿ ಭಾಗಕ್ಕೆ ತಾಗಿಸಬೇಡಿ. ಸೋರುವ ಕಡೆ ಬಂದಾಗ ಸದ್ದು ಚುರುಕಾಗಿ ಕಿವಿಗೆ ಬಡಿಯುತ್ತದೆ. ಸದ್ದು ಮೇಲಿನಿಂದ, ವಾಲ್ವ್ ಕವರ್ ಕಡೆಯಿಂದ ಬರುತ್ತಿದ್ದರೆ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ನೋಡಿಸಿ. ಡೀಸೆಲ್‌ನಲ್ಲಿ ಇಂಜೆಕ್ಟರ್ ಬುಡದಿಂದ ಚಫ್ ಚಫ್ ಬಂದು, ಸುತ್ತ ಡಾಂಬರಿನಷ್ಟು ಗಟ್ಟಿ ಮಸಿ ಮೆತ್ತಿದ್ದರೆ ಅದು ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರಿಕೆ. ಈ ಎರಡನ್ನೂ ಮ್ಯಾನಿಫೋಲ್ಡ್ ಎಂದು ತಿಳಿದು ಬಿಚ್ಚಿದವರು ಬಹಳ ಜನ.

ಕಾರಿನೊಳಗೆ ಹೊಗೆ ವಾಸನೆ

ಇಲ್ಲಿ ಪರೀಕ್ಷೆ ಆಮೇಲೆ, ಗಾಡಿ ನಿಲ್ಲಿಸುವುದು ಮೊದಲು. ಎಸಿಗೆ ಗಾಳಿ ಹೋಗುವ ಜಾಗ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ ಹಿಂಭಾಗದಲ್ಲಿ ಇರುತ್ತದೆ. ಮ್ಯಾನಿಫೋಲ್ಡ್ ಇಂಜಿನ್‌ನ ಹಿಂಬದಿ ಇರುವ ಕಾರುಗಳಲ್ಲಿ ಸೋರಿದ ಹೊಗೆ ನೇರ ಒಳಗೆ ಬರುತ್ತದೆ. ಕಿಟಕಿ ಎಲ್ಲ ಇಳಿಸಿ, ಬದಿಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಯಾರಿಗಾದರೂ ತಲೆನೋವು, ವಾಕರಿಕೆ, ಮಂಪರು ಇದ್ದರೆ ಹೊರಗೆ ಗಾಳಿಗೆ ಕರೆತಂದು ಆಸ್ಪತ್ರೆಗೆ ತೋರಿಸಿ. ಮಕ್ಕಳು ಹಿಂದಿನ ಸೀಟಿನಲ್ಲಿ ಮಲಗಿದ್ದಾರೆ ಎಂದುಕೊಂಡು ಹಾಗೇ ಓಡಿಸುವುದು ಬೇಡ. ಗಾಡಿ ಟೋ ಮಾಡಿಸಿಯೇ ಗ್ಯಾರೇಜ್‌ಗೆ ಹೋಗಲಿ. ಸೋರುವುದು ಮ್ಯಾನಿಫೋಲ್ಡ್ ಇರಬಹುದು, ಟರ್ಬೊದಿಂದ ಕೆಳಗಿನ ಪೈಪ್ ಇರಬಹುದು, ಇಜಿಆರ್ ಪೈಪ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್‌ಗೆ ಕಳಿಸುವುದು) ಇರಬಹುದು. ಅದನ್ನು ಅಲ್ಲಿ ನೋಡೋಣ.

ಘಾಟ್‌ನಲ್ಲಿ ಎಳೆತ ಇಲ್ಲ

ಊರೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದೆ. ವಂಟಮುರಿ ಘಾಟ್ ಹತ್ತುವಾಗ ಅಥವಾ ಗೋವಾದಿಂದ ಚೋರ್ಲಾ ಮೇಲೆ ಬರುವಾಗ ಮಾತ್ರ ಉಸಿರು ಕಟ್ಟುತ್ತದೆ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದದ್ದು ಈಗ ಎರಡಕ್ಕೆ ಇಳಿಯಬೇಕು. ಡೀಸೆಲ್ ಆಗಿದ್ದರೆ ಹಿಂದೆ ಕಪ್ಪು ಹೊಗೆ. ಇದಕ್ಕೆ ಟರ್ಬೊ ಹೋಗಿದೆ ಎಂದು ತೀರ್ಪು ಕೊಡುವುದು ಬಹಳ ಸುಲಭ, ಬಹಳ ದುಬಾರಿ ಕೂಡ.

ಅಗ್ಗದಿಂದ ಶುರು ಮಾಡಿ. ಏರ್ ಫಿಲ್ಟರ್ ತೆಗೆದು ನೋಡಿ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ಹಿಂದೆ ಓಡಿದ ಗಾಡಿಗಳ ಫಿಲ್ಟರ್ ಹೇಗಿರುತ್ತದೆ ಎಂದು ಗೊತ್ತಲ್ವಾ? ಆಮೇಲೆ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಗಾಳಿ ತಣಿಸುವ ಭಾಗ), ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಹಿಸುಕಿ, ಮಡಚಿ, ಕೆಳಭಾಗವನ್ನೂ ನೋಡಿ. ಎಣ್ಣೆ ಜಿನುಗಿದ ಗುರುತು ಇದ್ದ ಕಡೆ ಕ್ಲ್ಯಾಂಪ್ ಸಡಿಲ ಅಥವಾ ಹೋಸ್ ಸೀಳಿರುತ್ತದೆ. ಟರ್ಬೊ ಆಕ್ಚುಯೇಟರ್‌ಗೆ (ಟರ್ಬೊದ ಒತ್ತಡ ಹತೋಟಿಯಲ್ಲಿಡುವ ಭಾಗ) ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ಒಣಗಿ ಬಿರಿದಿದೆಯೇ ನೋಡಿ. ಇವೆಲ್ಲ ಸರಿ ಇದ್ದರೆ ಮಾತ್ರ ಮ್ಯಾನಿಫೋಲ್ಡ್ ಕಡೆ ಬನ್ನಿ.

ಸೋರಿಕೆ ಟರ್ಬೊಗಿಂತ ಮೊದಲು ಇದೆಯೋ ಆಮೇಲೆ ಇದೆಯೋ ಎನ್ನುವುದು ಇಲ್ಲಿ ಮುಖ್ಯ. ಮೊದಲು ಇದ್ದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ತಡವಾಗಿ ಬರುತ್ತದೆ, ಕಡಿಮೆಯೂ ಬರುತ್ತದೆ. ಟರ್ಬೊ ದಾಟಿದ ಮೇಲೆ ಸೋರಿದರೆ ಸದ್ದು, ವಾಸನೆ ಇರುತ್ತದೆಯೇ ಹೊರತು ಎಳೆತ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಸಂದಿಯಿಂದ ಹೊರಗಿನ ಗಾಳಿಯೂ ನಡುನಡುವೆ ಒಳಗೆ ಎಳೆದುಕೊಳ್ಳುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆ ಇದೆ ಎಂದು ತಪ್ಪು ತಿಳಿಯುತ್ತದೆ. ಇಂಜಿನ್‌ನ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ಎವರೇಜ್ ಇಳಿಯುತ್ತದೆ, ಚೆಕ್ ಇಂಜಿನ್ ದೀಪ ಹತ್ತುತ್ತದೆ. ಸ್ಕ್ಯಾನರ್ ಹಾಕಿದವರು ಸೆನ್ಸರ್ ಬದಲಿಸಲು ಹೇಳುತ್ತಾರೆ. ಮೊದಲು ಸೋರಿಕೆ ನೋಡಿ, ಸೆನ್ಸರ್ ಆಮೇಲೆ.

ಖಚಿತ ಮಾಡಿಕೊಳ್ಳಲು ಸಾಬೂನು ನೀರಿನ ಪರೀಕ್ಷೆ ಸಾಕು. ಇಂಜಿನ್ ತಣ್ಣಗಿರಬೇಕು, ಬಂದ್ ಇರಬೇಕು. ಸೈಲೆನ್ಸರ್ ಬಾಯಿಗೆ ಬ್ಲೋವರ್ ಪೈಪ್ ಇಟ್ಟು ಸುತ್ತ ಬಟ್ಟೆ ತುರುಕಿ. ಕಂಪ್ರೆಸರ್ ಗಾಳಿಯನ್ನು ಪೂರ್ತಿ ಒತ್ತಡದಲ್ಲಿ ಬಿಡಬೇಡಿ, ಬ್ಲೋವರ್ ಗಾಳಿಯೇ ಬೇಕಾದಷ್ಟಾಯಿತು. ಈಗ ಸ್ಪ್ರೇ ಬಾಟಲಿಯಿಂದ ಸಾಬೂನು ನೀರನ್ನು ಪ್ರತಿ ಪೋರ್ಟ್ (ಹೆಡ್‌ನಿಂದ ಹೊಗೆ ಹೊರಬರುವ ಬಾಯಿ) ಸುತ್ತ, ಟರ್ಬೊ ಫ್ಲ್ಯಾಂಜ್ (ಬೋಲ್ಟ್ ಹಾಕಿ ಕೂಡಿಸುವ ದಪ್ಪ ಪಟ್ಟಿ) ಸುತ್ತ, ವೆಲ್ಡಿಂಗ್ ಗೆರೆಗಳ ಮೇಲೆ ಹೊಡೆಯಿರಿ. ಕೂದಲೆಳೆ ಬಿರುಕಿನಿಂದಲೂ ನೊರೆ ಗುಳ್ಳೆ ಏಳುತ್ತದೆ. ಎದ್ದ ಜಾಗಕ್ಕೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ, ಫೋಟೊ ತೆಗೆದುಕೊಳ್ಳಿ. ಬಿಚ್ಚಿ ತೊಳೆದ ಮೇಲೆ ಆ ಜಾಗ ನೆನಪಿರುವುದಿಲ್ಲ.

ಮ್ಯಾನಿಫೋಲ್ಡ್ ಕೆಂಪಗೆ ಹೊಳೆಯುತ್ತಿದೆ

ಟರ್ಬೊ ಪೆಟ್ರೋಲ್ ಗಾಡಿಯನ್ನು ಘಾಟ್‌ನಲ್ಲಿ ಎಳೆಸಿ ರಾತ್ರಿ ಬಾನೆಟ್ ತೆರೆದರೆ ಮಂದ ಕೆಂಪು ಕಾಣಬಹುದು. ಅದಕ್ಕೆ ಹೆದರಬೇಕಿಲ್ಲ. ಆದರೆ ಸುಮ್ನೆ ಐಡಲ್‌ನಲ್ಲಿ ನಿಂತಿರುವಾಗ ಕೆಂಪಾದರೆ ಅದು ದೋಷವೇ. ಡೀಸೆಲ್‌ನಲ್ಲಂತೂ ಐಡಲ್ ಹೊಗೆ ಅಷ್ಟು ಬಿಸಿ ಇರುವುದೇ ಇಲ್ಲ. ಮಿಸ್‌ಫೈರ್ ಆಗಿ ಸುಡದ ಪೆಟ್ರೋಲ್ ಹೊರಬಂದು ಮ್ಯಾನಿಫೋಲ್ಡ್‌ನಲ್ಲಿ ಉರಿಯುತ್ತಿರಬಹುದು, ಟೈಮಿಂಗ್ (ಸಿಲಿಂಡರ್‌ನಲ್ಲಿ ಉರಿ ಶುರುವಾಗುವ ಹೊತ್ತು) ಹಿಂದೆ ಸರಿದಿರಬಹುದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ಡಿಪಿಎಫ್ (ಡೀಸೆಲ್ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡಿರಬಹುದು. ಇಂಜಿನ್ ಬಂದ್ ಮಾಡಿ, ಮುಂದಕ್ಕೆ ಓಡಿಸಬೇಡಿ. ನಿಲ್ಲಿಸುವ ಜಾಗವನ್ನೂ ನೋಡಿ: ಒಣ ಹುಲ್ಲು, ಕಬ್ಬಿನ ರವದಿ ಬಿದ್ದ ಜಾಗದ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತುತ್ತದೆ. ಈ ಕಾರಣ ಸರಿಪಡಿಸದೆ ಹೊಸ ಮ್ಯಾನಿಫೋಲ್ಡ್ ಹಾಕಿದರೆ ದುಡ್ಡು ಹೋದ ಹಾಗೇ.

ಬಿರುಕು ಕಣ್ಣಿಗೆ ಕಂಡಿದೆ

ಉದ್ಯಮಬಾಗ್‌ನಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವ ಒಳ್ಳೆಯ ಮೇಸ್ತ್ರಿಯ ಮುಂದೆ ಒಡೆದ ಮ್ಯಾನಿಫೋಲ್ಡ್ ಇಟ್ಟರೆ ಅವರು ಕೇಳುವ ಮೊದಲ ಪ್ರಶ್ನೆ: "ಎಲ್ಲಿ ಒಡದೈತ್ರಿ ಸರ, ಬೆಸುಗಿ ಮ್ಯಾಲೋ, ಬೆಸುಗಿ ಬಾಜೂಕೋ?" ಈ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ.

ಬಿರುಕು ಬೆಸುಗೆಯ ನಡುವೆಯೇ ಉದ್ದಕ್ಕೆ ಹೋಗಿದ್ದರೆ ಬೆಸುಗೆ ಸರಿಯಾಗಿ ಒಳಗೆ ಇಳಿದಿಲ್ಲ ಅಥವಾ ತಪ್ಪು ಫಿಲ್ಲರ್ ರಾಡ್ (ಬೆಸುಗೆಗೆ ಕರಗಿಸುವ ಕಡ್ಡಿ) ಬಳಸಿದ್ದಾರೆ. ಬೆಸುಗೆಯ ಪಕ್ಕದಲ್ಲಿ, ಪೈಪ್‌ನ ಮೇಲೆ ಗೆರೆ ಹೊಡೆದಂತೆ ಒಡೆದಿದ್ದರೆ ಬೆಸುಗೆಗಿಂತ ಭಾರ ಮತ್ತು ಅದುರುವಿಕೆ ಕಾರಣ. ಪೈಪ್ ತೆಳುವಾಯಿತು, ಅಥವಾ ಟರ್ಬೊಗೆ ಆಸರೆ ಇರಲಿಲ್ಲ. ನಾಲ್ಕೂ ಪೈಪ್ ಸೇರುವ ಕಲೆಕ್ಟರ್‌ನಲ್ಲಿ, ಎರಡು ಪೈಪ್ ನಡುವಿನ ಇಕ್ಕಟ್ಟಿನಲ್ಲಿ ಒಡೆದಿದ್ದರೆ ಅದು ಬಿಸಿಯ ಏರಿಳಿತದ ಬಿರುಕು: ಎಲ್ಲ ಬಿಸಿಯೂ ಅಲ್ಲೇ ಸೇರುತ್ತದೆ, ಹಿಗ್ಗಲು ಜಾಗ ಇರುವುದಿಲ್ಲ. ಬೀಡಿನ ಮ್ಯಾನಿಫೋಲ್ಡ್‌ನಲ್ಲಿ ಎರಡು ಪೋರ್ಟ್ ನಡುವೆ ಅಡ್ಡಕ್ಕೆ ಒಡೆದಿದ್ದರೆ ಉದ್ದಕ್ಕೆ ಹಿಗ್ಗುವುದಕ್ಕೆ ತಡೆಯಾಗಿದೆ. ತುದಿಯ ಸ್ಟಡ್‌ಗಳನ್ನು ವಿಪರೀತ ಬಿಗಿ ಮಾಡಿರಬಹುದು, ರಂಧ್ರಗಳು ಸ್ಟಡ್‌ಗೆ ಅಂಟಿಕೊಂಡಷ್ಟು ಬಿಗಿಯಾಗಿರಬಹುದು. ಟರ್ಬೊ ಫ್ಲ್ಯಾಂಜ್ ಬುಡದಲ್ಲಿ ಒಡೆದಿದ್ದರೆ ಕೆಳಗಿನ ಪೈಪ್ ಕಡೆ ನೋಡಿ. ಇಂಜಿನ್ ಮೌಂಟ್ (ಇಂಜಿನ್ ಕೂರುವ ರಬ್ಬರ್ ಆಸರೆ) ಸತ್ತಿದ್ದರೆ, ಪೈಪ್‌ನಲ್ಲಿ ಬೆಲ್ಲೋ (ಬಾಗುವ ಸುಕ್ಕು ಪೈಪ್) ಇಲ್ಲದಿದ್ದರೆ, ಇಂಜಿನ್ ಅಲುಗಿದಾಗಲೆಲ್ಲ ಇಡೀ ಸೈಲೆನ್ಸರ್ ಆ ಫ್ಲ್ಯಾಂಜನ್ನು ತಿರುಚುತ್ತದೆ.

ಬಿರುಕೋ ಎರಕದ ಗೆರೆಯೋ ಎಂದು ಅನುಮಾನ ಇದ್ದರೆ ಡಿಪಿ ಟೆಸ್ಟ್ (ಬಣ್ಣ ಇಳಿಸಿ ಬಿರುಕು ಹುಡುಕುವ ಡೈ ಪೆನಿಟ್ರಂಟ್ ಪರೀಕ್ಷೆ) ಮಾಡಿಸಿ. ಶುಚಿ ಮಾಡಿದ ಮೇಲೆ ಕೆಂಪು ದ್ರಾವಣ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತಾರೆ. ಬಿರುಕು ಇದ್ದರೆ ಬಿಳಿಯ ಮೇಲೆ ಕೆಂಪು ಗೆರೆ ನಿಧಾನವಾಗಿ ಮೂಡುತ್ತದೆ. ಎರಕದ ಕೆಲಸ ಇರುವ ಊರಾದ್ದರಿಂದ ಬೆಳಗಾವಿಯಲ್ಲಿ ಇದನ್ನು ಮಾಡುವವರನ್ನು ಹುಡುಕುವುದು ಕಷ್ಟವಲ್ಲ. ಟರ್ಬೈನ್ ಹೌಸಿಂಗ್ ಒಳಗೆ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ಬಾಗಿಲು) ರಂಧ್ರದ ಹತ್ತಿರ ಸಣ್ಣ ಕೂದಲೆಳೆ ಬಿರುಕು ಕಂಡರೆ ಗಾಬರಿ ಬೇಡ. ಹೊರಗೋಡೆಯವರೆಗೆ ಬಾರದ ಅಂಥ ಬಿರುಕು ಬಹಳ ಓಡಿದ ಟರ್ಬೊಗಳಲ್ಲಿ ಸಾಮಾನ್ಯ. ಟರ್ಬೊ ಕೆಲಸ ಗೊತ್ತಿರುವವರಿಗೆ ಒಮ್ಮೆ ತೋರಿಸಿ.

ಬೀಡಿನ ಮ್ಯಾನಿಫೋಲ್ಡ್‌ಗೆ ಬೆಸುಗೆ ಹಾಕಿಸಬಹುದಾ? ನಿಕ್ಕಲ್ ರಾಡ್ ಬಳಸಿ, ಇಡೀ ತುಂಡನ್ನು ಮೊದಲೇ ಕಾಯಿಸಿ, ಬಿರುಕಿನ ಎರಡು ತುದಿಗೆ ಸುಮಾರು 3 ಮಿಲಿಮೀಟರ್ ರಂಧ್ರ ಹೊಡೆದು, ಬೆಸುಗೆಯಾದ ಮೇಲೆ ಬೂದಿಯಲ್ಲಿ ಹೂತು ನಿಧಾನ ತಣಿಸಿದರೆ ನಿಲ್ಲುತ್ತದೆ. ಎಷ್ಟು ದಿನ ಎಂದು ಯಾರೂ ಹೇಳಲಾರರು. ವರ್ಷಗಟ್ಟಲೆ ಹೊಗೆಯಲ್ಲಿ ಬೆಂದ ಬೀಡು ಬೆಸುಗೆಯನ್ನು ಚೆನ್ನಾಗಿ ಹಿಡಿಯುವುದಿಲ್ಲ. ಹೊಸ ಭಾಗ ಬರುವ ತನಕ ಓಡಿಸಲು ಅಡ್ಡಿಯಿಲ್ಲ. ಹಿತ್ತಾಳೆ ಬೆಸುಗೆ ಮಾತ್ರ ಬೇಡ. ಹಿತ್ತಾಳೆ ಕರಗುವುದೇ 900 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕಿಂತ ಬಹಳ ಮೊದಲೇ ಅದರ ಬಲ ಹೋಗಿರುತ್ತದೆ.

ಸ್ಟಡ್ ಮುರಿದಿದೆ, ಮುಖ ಸೊಟ್ಟಾಗಿದೆ

ಮುರಿದ ಸ್ಟಡ್ ಸ್ವಲ್ಪ ಹೊರಗೆ ಉಳಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮರುದಿನ ಅದರ ಮೇಲೆ ನಟ್ ಇಟ್ಟು ಬೆಸೆದು, ಆ ಬಿಸಿ ಇರುವಾಗಲೇ ಪಾನಾದಿಂದ ಹಿಂದೆ ಮುಂದೆ ಆಡಿಸಿದರೆ ಬಿಟ್ಟುಕೊಳ್ಳುತ್ತದೆ. ಬೆಸೆಯುವ ಮೊದಲು ಎಣ್ಣೆ ಪೂರ್ತಿ ಒರೆಸಿ, ಬ್ಯಾಟರಿ ಕಳಚಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಡಿ. ಹೆಡ್ ಒಳಗೇ ಮುರಿದಿದ್ದರೆ ಮನೆಯಲ್ಲಿ ಡ್ರಿಲ್ ಹಿಡಿಯಬೇಡಿ. ಅಲ್ಯೂಮಿನಿಯಂ ಹೆಡ್ ಮೆತ್ತಗೆ, ಸ್ಟಡ್ ಗಟ್ಟಿ. ಬಿಟ್ ಜಾರಿ ಹೆಡ್ ಕಡೆಗೇ ಹೋಗುತ್ತದೆ. ಇಲ್ಲಿಗೆ ನಿಲ್ಲಿಸಿ ಮೆಷಿನ್ ಶಾಪ್‌ಗೆ ಒಪ್ಪಿಸಿ.

ಮ್ಯಾನಿಫೋಲ್ಡ್ ಬಿಚ್ಚಿದ ಮೇಲೆ ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡಿನ ಪಟ್ಟಿ) ತೂರಿಸಿ. ಎಷ್ಟು ಸಂದಿ ಇರಬಹುದು ಎನ್ನುವುದು ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿರುತ್ತದೆ, ಅದನ್ನೇ ನಂಬಿ. ಹೆಚ್ಚಿದ್ದರೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ಸಂದಿ ತುಂಬಲು ಸಿಲಿಕೋನ್ ಪೇಸ್ಟ್ ಹಚ್ಚಬೇಡಿ. ಅದು ಸುಟ್ಟು ಚೂರಾಗಿ ಟರ್ಬೈನ್‌ಗೆ ಹೋಗುತ್ತದೆ. ಎರಡು ಪ್ಯಾಕಿಂಗ್ ಒಂದರ ಮೇಲೊಂದು ಹಾಕುವುದೂ ಬೇಡ.

ಬದಲಿಸಲೇಬೇಕು ಅಂದಾಗ: ಯಾವುದು?

ದಿನಬಳಕೆಯ ಗಾಡಿ, ಇಂಜಿನ್ ಟ್ಯೂನ್ ಏನೂ ಬದಲಾಗಿಲ್ಲ ಅಂದರೆ ನನ್ನ ಸಲಹೆ ಒಂದೇ. ಕಂಪನಿಯ ಎರಕದ ಮ್ಯಾನಿಫೋಲ್ಡೇ ಹಾಕಿ. ಟರ್ಬೊಗೆ ಬಳಸುವ ಬೀಡು ಸಾದಾ ಬೀಡಲ್ಲ. ಅದು ಸುಮಾರು 4 ಶೇಕಡ ಸಿಲಿಕಾನ್, ಜೊತೆಗೆ ಮಾಲಿಬ್ಡಿನಮ್ ಸೇರಿಸಿದ ಡಕ್ಟೈಲ್ (ಸುಲಭಕ್ಕೆ ಸೀಳದ) ಬೀಡು. 800 ಡಿಗ್ರಿ ಆಚೆಗೂ ತಡೆಯುತ್ತದೆ. ಇನ್ನೂ ಬಿಸಿ ಇಂಜಿನ್‌ಗಳಿಗೆ ನಿಕ್ಕಲ್ ಹೆಚ್ಚಿರುವ ಬೀಡು ಅಥವಾ ಎರಕದ ಸ್ಟೇನ್‌ಲೆಸ್. ಊರಲ್ಲೇ ಫೌಂಡ್ರಿ ಇದೆ ಎಂದು ಹಳೆಯದನ್ನೇ ಮಾದರಿ ಕೊಟ್ಟು ಪಂಪ್ ಹೌಸಿಂಗ್‌ಗೆ ಬಳಸುವ ಸಾದಾ ಬೀಡಿನಲ್ಲಿ ಎರಕ ಹೊಯ್ಯಿಸಿದರೆ ನೋಡಲು ಅದೇ ಥರ ಇರುತ್ತದೆ, ಬಿಸಿಗೆ ಮಾತ್ರ ಬಾಳುವುದಿಲ್ಲ. ಎರಕ ಹೊಯ್ಯಿಸುವುದೇ ಆದರೆ ಗ್ರೇಡ್ ಬರೆದುಕೊಡಿ, ಪರೀಕ್ಷಾ ವರದಿ ಕೇಳಿ.

ಟರ್ಬೊ ದೊಡ್ಡದಾಗುತ್ತಿದೆ, ಟ್ರ್ಯಾಕ್‌ಗೋ ಆಟೋಕ್ರಾಸ್‌ಗೋ ಗಾಡಿ ಸಿದ್ಧವಾಗುತ್ತಿದೆ ಅಂದರೆ ಕಟ್ಟಿಸುವುದಕ್ಕೆ ಅರ್ಥ ಇದೆ. ಆಗ ಮೊದಲ ತೀರ್ಮಾನ ಆಕಾರದ್ದು. ಒಂದು ದಪ್ಪ ಪೈಪ್‌ಗೆ ನಾಲ್ಕೂ ಪೋರ್ಟ್ ಕೂಡಿಸುವ ಲಾಗ್ ಮಾದರಿ ಗಿಡ್ಡ, ಗಟ್ಟಿ, ಅಗ್ಗ. ಬೂಸ್ಟ್ ಬೇಗ ಬರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಒಂದು ಸಿಲಿಂಡರ್‌ನ ಹೊಗೆ ಇನ್ನೊಂದರದ್ದಕ್ಕೆ ಅಡ್ಡ ಬರುತ್ತದೆ. ಪ್ರತಿ ಸಿಲಿಂಡರ್‌ಗೂ ಸಮ ಉದ್ದದ ಬೇರೆ ಪೈಪ್ ಇರುವ ಮಾದರಿ ಮೇಲಿನ ಆರ್‌ಪಿಎಂನಲ್ಲಿ ಚೆನ್ನಾಗಿ ಉಸಿರಾಡುತ್ತದೆ. ಅದಕ್ಕೆ ಜಾಗ ಬೇಕು, ಬೆಸುಗೆ ಜಾಸ್ತಿ, ಒಡೆಯುವ ಜಾಗಗಳೂ ಜಾಸ್ತಿ. ರಸ್ತೆ ಮೇಲೆ ಓಡುವ ಗಾಡಿಗೆ ನಾನು ಲಾಗ್ ಮಾದರಿ ಅಥವಾ ಗಿಡ್ಡ ಪೈಪ್‌ಗಳನ್ನೇ ಹೇಳುತ್ತೇನೆ. ಟ್ವಿನ್ ಸ್ಕ್ರಾಲ್ (ಹೊಗೆ ಬರಲು ಎರಡು ಬೇರೆ ದಾರಿ ಇರುವ) ಟರ್ಬೊ ಆದರೆ ಜೋಡಿ ತಪ್ಪಬಾರದು. 1-3-4-2 ಕ್ರಮದಲ್ಲಿ ಉರಿಯುವ ಇಂಜಿನ್‌ಗೆ 1 ಮತ್ತು 4 ಒಂದು ಕಡೆ, 2 ಮತ್ತು 3 ಇನ್ನೊಂದು ಕಡೆ.

ಲೋಹದ ವಿಷಯಕ್ಕೆ ಬಂದರೆ, ದಪ್ಪ ಗೋಡೆಯ ಶೆಡ್ಯೂಲ್ 40 (ಪೈಪ್ ಗೋಡೆಯ ದಪ್ಪದ ದರ್ಜೆ) ಮೈಲ್ಡ್ ಸ್ಟೀಲ್ ಬೆಂಡ್‌ಗಳನ್ನು ಕೀಳಾಗಿ ನೋಡಬೇಡಿ. ಒಂದೂಕಾಲು ಇಂಚಿನ ಪೈಪ್‌ಗೆ ಹೊರ ಅಳತೆ 42.2 ಮಿಲಿಮೀಟರ್, ಗೋಡೆ 3.56. ಒಳಗೆ ಸುಮಾರು 35 ಉಳಿಯುತ್ತದೆ. ತುಕ್ಕು ಹಿಡಿಯುತ್ತದೆ ನಿಜ, ಆದರೆ ಹಿಗ್ಗುವುದು ಸ್ಟೇನ್‌ಲೆಸ್‌ಗಿಂತ ಕಡಿಮೆ. ಡೀಸೆಲ್ ಇಂಜಿನ್‌ಗೆ ಒಳ್ಳೆಯ ಆಯ್ಕೆ. ಎಸ್‌ಎಸ್ 304ರ ಶೆಡ್ಯೂಲ್ 10 ಪೈಪ್‌ನ ಗೋಡೆ 2.77, ಪೆಟ್ರೋಲ್ ರಸ್ತೆ ಗಾಡಿಗೆ ಸಾಕು. ತುಂಬ ಎಳೆಸುವ ಗಾಡಿಗೆ ಟೈಟಾನಿಯಂ ಸೇರಿದ 321 ಇನ್ನೂ ಚೆನ್ನ. ಸೈಲೆನ್ಸರ್‌ಗೆ ಬಳಸುವ ಒಂದೂವರೆ ಮಿಲಿಮೀಟರ್ ಪೈಪನ್ನು ಟರ್ಬೊ ತೂಗುವ ಜಾಗಕ್ಕೆ ತರಬೇಡಿ. ಸತು ಲೇಪಿಸಿದ ಜಿಐ ನೀರಿನ ಪೈಪ್ ಅಂತೂ ಮುಟ್ಟಲೇಬೇಡಿ. ಬೆಸೆಯುವಾಗ ಅದರ ಸತುವಿನ ಹೊಗೆ ಕುಡಿದವರಿಗೆ ಜ್ವರ, ನಡುಕ ಬರುತ್ತದೆ.

ಹೆಡ್ ಕಡೆಯ ಫ್ಲ್ಯಾಂಜ್ 10ರಿಂದ 12 ಮಿಲಿಮೀಟರ್ ದಪ್ಪ ಇರಲಿ. ತುದಿಯ ರಂಧ್ರಗಳನ್ನು ಸ್ವಲ್ಪ ದೊಡ್ಡದು ಮಾಡಿಸಿ ಅಥವಾ ಉದ್ದಕ್ಕೆ ಸ್ಲಾಟ್ ಮಾಡಿಸಿ. ಮೇಲೆ ಹಾಕಿದ 3.4 ಮತ್ತು 5 ಮಿಲಿಮೀಟರ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆಸುಗೆಯಾದ ಮೇಲೆ ಪೋರ್ಟ್‌ಗಳ ನಡುವೆ ಫ್ಲ್ಯಾಂಜನ್ನು ಸೀಳಿದರೆ ಪ್ರತಿ ಪೋರ್ಟ್ ತನ್ನಷ್ಟಕ್ಕೆ ಹಿಗ್ಗಬಹುದು. ಪೈಪ್ ಒಳಗಾತ್ರ ಪೋರ್ಟ್‌ಗಿಂತ ಸಣ್ಣದಾಗಿ ಅಂಚು ಹೊಗೆಗೆ ಅಡ್ಡ ನಿಲ್ಲಬಾರದು.

ಬೆಸೆಯುವಾಗ ಫ್ಲ್ಯಾಂಜನ್ನು ಗುಜರಿಯಿಂದ ತಂದ ಹಳೆ ಹೆಡ್‌ಗೆ ಅಥವಾ ದಪ್ಪ ಪ್ಲೇಟ್‌ಗೆ ಬಿಗಿದಿಡಬೇಕು. ಹಾಗೇ ಬೆಸೆದರೆ ಬಾಳೆಹಣ್ಣಿನಷ್ಟು ಬಾಗುತ್ತದೆ. 304ಕ್ಕೆ 308ಎಲ್ ಫಿಲ್ಲರ್, 321ಕ್ಕೆ 347, ಸ್ಟೇನ್‌ಲೆಸ್ ಪೈಪ್ ಮೈಲ್ಡ್ ಸ್ಟೀಲ್ ಫ್ಲ್ಯಾಂಜ್‌ಗೆ ಕೂಡಿಸಲು 309ಎಲ್. ಸ್ಟೇನ್‌ಲೆಸ್ ಆದರೆ ಪೈಪ್ ಒಳಗೂ ಆರ್ಗಾನ್ ತುಂಬಲು ಮೇಸ್ತ್ರಿಗೆ ಮೊದಲೇ ಹೇಳಿ, ಅದಕ್ಕೆ ತಗಲುವ ಗ್ಯಾಸ್ ದುಡ್ಡು ಕೊಡಿ. ಒಳಗೆ ಆರ್ಗಾನ್ ಇಲ್ಲದಿದ್ದರೆ ಬೆಸುಗೆಯ ಹಿಂಬದಿ ಸುಟ್ಟು ಕಪ್ಪು ಹಕ್ಕಳೆ ಏಳುತ್ತದೆ. ಅದು ಚೂರಾಗಿ ಕಳಚಿ, ನಿಮಿಷಕ್ಕೆ 2 ಲಕ್ಷದ ಆಸುಪಾಸು ಸುತ್ತು ತಿರುಗುವ ಟರ್ಬೈನ್ ರೆಕ್ಕೆಗೆ ಬಡಿದರೆ ಟರ್ಬೊ ಮುಗಿಯಿತು. ಗ್ರೈಂಡಿಂಗ್ ಪುಡಿ, ಬೆಸುಗೆಯ ಗುಂಡುಗಳನ್ನೂ ಒಳಗಿನಿಂದ ಪೂರ್ತಿ ತೆಗೆಸಿ. ಶುಚಿ ಮಾಡಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬೇಡ. ಆರ್ಕ್ ತಗುಲಿದರೆ ಅದರಿಂದ ವಿಷಗಾಳಿ ಹುಟ್ಟುತ್ತದೆ.

ಟರ್ಬೊಗೆ ಇಂಜಿನ್ ಬ್ಲಾಕ್‌ನಿಂದಲೇ ಆಸರೆ ಪಟ್ಟಿ ಕೊಡಿಸಿ, ಅದೂ ಹಿಗ್ಗಲು ಸ್ವಲ್ಪ ಆಡುವಂತಿರಲಿ. ಕೆಳಗಿನ ಪೈಪ್‌ಗೆ ಬೆಲ್ಲೋ ಇರಲೇಬೇಕು. ಟರ್ಬೊದಿಂದ ಆಯಿಲ್ ವಾಪಸ್ ಬರುವ ಪೈಪ್ ಎಲ್ಲೂ ಮೇಲೇರದೆ ಕೆಳಮುಖವಾಗಿಯೇ ಇಳಿಯುವ ಹಾಗೆ ಟರ್ಬೊ ಕೂರಿಸಿ.

ಕೂರಿಸುವುದು, ಆಮೇಲಿನ ತಪಾಸಣೆ

ಹೊಸ ಪ್ಯಾಕಿಂಗ್, ಹೊಸ ಸ್ಟಡ್, ಹೊಸ ಲಾಕ್ ನಟ್. ಸ್ಟಡ್‌ನ ಎಳೆಗಳಿಗೆ (ತಿರುಪಿನ ಗೆರೆಗಳಿಗೆ) ನಿಕ್ಕಲ್ ಇರುವ ಆಂಟಿ ಸೀಜ್ (ಬಿಸಿಗೆ ನಟ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ತೆಳುವಾಗಿ. ಮ್ಯಾನುಯಲ್‌ನ ಟಾರ್ಕ್ (ಬಿಗಿಯ ಅಳತೆ) ಒಣ ಎಳೆಗೆ ಹೇಳಿದ್ದಾದರೆ ಅಷ್ಟೇ ಬಿಗಿ ಮಾಡುವುದು ಹೆಚ್ಚಾಗುತ್ತದೆ, ಮೆಕ್ಯಾನಿಕ್ ಜೊತೆ ಮಾತಾಡಿ ಕಡಿಮೆ ಮಾಡಿ. ನಡುವಿನಿಂದ ಶುರು ಮಾಡಿ ತುದಿಗೆ ಹೋಗಿ, ಎರಡು ಮೂರು ಹಂತದಲ್ಲಿ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿ ಮಾಡಿ. ಹತ್ತಿರದ ವೈರ್, ಬ್ರೇಕ್ ಪೈಪ್, ಪೆಟ್ರೋಲ್ ಲೈನ್ ಎಷ್ಟು ದೂರ ಇವೆ ನೋಡಿ, ಹೀಟ್ ಶೀಲ್ಡ್ ವಾಪಸ್ ಹಾಕದೆ ಗಾಡಿ ಹೊರಗೆ ತರಬೇಡಿ. ಪೈಪ್‌ಗೆ ಬಟ್ಟೆಯಂಥ ಹೀಟ್ ರ‍್ಯಾಪ್ ಸುತ್ತುವ ಆಸೆ ಇದ್ದರೆ ಯೋಚಿಸಿ: ಲೋಹ ಇನ್ನೂ ಹೆಚ್ಚು ಕಾಯುತ್ತದೆ, ಖಾನಾಪುರದ ಕಡೆಯ ಮಳೆಗೆ ಒದ್ದೆ ಹಿಡಿದಿಟ್ಟು ಮೈಲ್ಡ್ ಸ್ಟೀಲನ್ನು ಒಳಗೊಳಗೇ ತಿನ್ನುತ್ತದೆ.

ಆಕಾರ, ಟರ್ಬೊ ಎರಡೂ ಬದಲಾದರೆ ಕಾಗದದ ಕಡೆಗೂ ನೋಡಬೇಕು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್, ಡಿಪಿಎಫ್ ತೆಗೆಸಿಹಾಕುವುದು ಬೇಡ. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಕೇಳಿ.

ಮೊದಲ ದಿನ ಗಾಡಿಯನ್ನು ಎಳೆಸಬೇಡಿ. ಊರೊಳಗೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ, ಹೀಗೆ ಕೆಲವು ಸಲ ಆದ ಮೇಲೆ ತಣ್ಣಗಿರುವಾಗ ನಟ್‌ಗಳ ಬಿಗಿ ಮತ್ತೆ ನೋಡಿ. ಸಾಬೂನು ನೀರಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ಗುಳ್ಳೆ ಬಾರದಿದ್ದರೆ ವಂಟಮುರಿ ಘಾಟ್ ಹತ್ತಿಸಿ ನೋಡಿ, ಮರುದಿನ ಬೆಳಿಗ್ಗೆ ತಣ್ಣನೆ ಸ್ಟಾರ್ಟ್ ಮಾಡಿ ಬಾನೆಟ್ ತೆರೆದು ಕಿವಿಗೊಡಿ.